ಡಬ್ಬಿಯ ಮೇಲಿನ ವಾಟ್ ಬಿಡಿ, ಆಂಪಿನ ಫ್ಯೂಸ್ ನೋಡಿ

ಸಂಪಾದಕರಿಗೆ,

ಮಾನ್ಯರೇ,

ದಸರಾ ಹತ್ತಿರ ಬಂತೆಂದರೆ ನಿಮ್ಮ ಪತ್ರಿಕೆಯ ಹುಬ್ಬಳ್ಳಿ–ಧಾರವಾಡ ಪುಟಗಳಲ್ಲಿ ಕಾರ್ ಡೆಕೋರ್ ಅಂಗಡಿಗಳ ಜಾಹೀರಾತು ಸಾಲುಗಟ್ಟುತ್ತವೆ. ‘2000 ವಾಟ್ ಆಂಪ್ಲಿಫೈಯರ್’, ‘600 ವಾಟ್ ಸ್ಪೀಕರ್ ಜೋಡಿ’, ‘ಫಿಟಿಂಗ್ ಫ್ರೀ’. ಗಿರಾಕಿಯೂ ಅಂಗಡಿಗೆ ಬಂದವನೇ ಕೇಳುವ ಮೊದಲ ಮಾತು ‘ಎಷ್ಟ್ ವಾಟ್ ಐತ್ರೀ?’. ಆ ಪ್ರಶ್ನೆಗೆ ಡಬ್ಬಿಯ ಮೇಲೆ ಅಚ್ಚಾಗಿರುವ ಉತ್ತರವನ್ನು ನಂಬಿ ದುಡ್ಡು ಸುರಿಯುವವರು ಗದಗ, ಹಾವೇರಿ ಕಡೆಯಿಂದಲೂ ಹುಬ್ಬಳ್ಳಿಗೇ ಬರುತ್ತಾರೆ. ಅವರಿಗೆ ಉಪಯೋಗವಾಗಲಿ ಎಂದು ಈ ಪತ್ರ. ಸ್ವಲ್ಪ ಉದ್ದವಾಗಿದೆ, ಆದರೆ ಅರ್ಧ ಹೇಳಿ ಬಿಟ್ಟರೆ ಕೆಲಸಕ್ಕೆ ಬರುವ ವಿಷಯ ಇದಲ್ಲ.

ಡಬ್ಬಿಯ ಮೇಲೆ ದೊಡ್ಡ ಅಕ್ಷರದಲ್ಲಿ ಇರುವುದು ‘ಪೀಕ್’ ಅಥವಾ ‘ಮ್ಯಾಕ್ಸ್’ ವಾಟ್. ಕ್ಷಣಮಾತ್ರಕ್ಕೆ, ಧ್ವನಿ ಒಡೆದರೂ ಸರಿ ಎಂದು ಲೆಕ್ಕ ಹಾಕಿದ ಅಂಕಿ ಅದು. ಸಾಧಾರಣ ಸರಕಿನಲ್ಲಿ ಅಷ್ಟೂ ಲೆಕ್ಕ ಇರುವುದಿಲ್ಲ, ಅಚ್ಚು ಹಾಕಿಸುವವನ ಧೈರ್ಯವೇ ಅಂಕಿ. ತಾಸುಗಟ್ಟಲೆ ಬಾರಿಸಿದರೂ ಆಂಪ್ (ಸ್ಟೀರಿಯೊದ ಸದ್ದಿಗೆ ಬಲ ತುಂಬುವ ಆಂಪ್ಲಿಫೈಯರ್) ಕೊಡಬಲ್ಲ, ಸ್ಪೀಕರ್ ತಾಳಬಲ್ಲ ಶಕ್ತಿಗೆ ಆರ್‌ಎಂಎಸ್ ಎನ್ನುತ್ತಾರೆ. ಸೋನಿ, ಪಯೋನಿಯರ್, ಜೆಬಿಎಲ್‌ನಂಥ ಕಂಪನಿಗಳು ಎರಡನ್ನೂ ಮುದ್ರಿಸುತ್ತವೆ, ಆರ್‌ಎಂಎಸ್ ಸಣ್ಣ ಅಕ್ಷರದಲ್ಲಿ ಎಲ್ಲೋ ಬದಿಗಿರುತ್ತದೆ. ಅದನ್ನೇ ಹುಡುಕಿ. ಆಂಪ್ ಮೇಲೆ ‘ಸಿಇಎ-2006’ ಎಂಬ ಗುರುತು ಇದ್ದರೆ ಇನ್ನೂ ಒಳ್ಳೆಯದು. 14.4 ವೋಲ್ಟ್, 4 ಓಮ್ (ಕರೆಂಟಿಗೆ ಸ್ಪೀಕರ್ ಒಡ್ಡುವ ತಡೆಯ ಅಳತೆ), ಶೇ 1ಕ್ಕಿಂತ ಹೆಚ್ಚು ಡಿಸ್ಟಾರ್ಷನ್ (ಧ್ವನಿ ಒಡೆಯುವುದು) ಇಲ್ಲದೆ ಅಳೆದ ಅಂಕಿ ಎಂದು ಅದರರ್ಥ.

ಡಬ್ಬಿ ಸುಳ್ಳು ಹೇಳಬಹುದು, ಫ್ಯೂಸ್ ಹೇಳುವುದಿಲ್ಲ. ಆಂಪಿನ ಬದಿಯಲ್ಲಿ ಪವರ್ ವೈರ್ ಸೇರುವ ಜಾಗದ ಪಕ್ಕ ಒಂದೋ ಎರಡೋ ಬಣ್ಣದ ಚಪ್ಪಟೆ ಫ್ಯೂಸ್ ಕಾಣುತ್ತವೆ. ಹಳದಿ 20 ಆಂಪಿಯರ್, ಬಿಳಿ 25, ಹಸಿರು 30. ಎಲ್ಲ ಫ್ಯೂಸ್‌ಗಳ ಅಂಕಿ ಕೂಡಿಸಿ 13.8ರಿಂದ ಗುಣಿಸಿ, ಎಂಜಿನ್ ಓಡುವಾಗಿನ ವೋಲ್ಟ್ ಅದು. ಆಂಪಿನ ಸರ್ಕ್ಯೂಟಿನಲ್ಲಿ ಎ-ಬಿ, ಡಿ ಎಂಬ ಬಗೆಗಳಿವೆ. ಎ-ಬಿ ಕ್ಲಾಸ್ ಆಂಪ್ ಆದರೆ ಅದರ ಅರ್ಧಕ್ಕಿಂತ ತುಸು ಹೆಚ್ಚು, ಡಿ ಕ್ಲಾಸ್ ಆದರೆ ಮುಕ್ಕಾಲು ಭಾಗ, ಅಷ್ಟೇ ಹೊರಗೆ ಬರುವ ಶಕ್ತಿ. ಉದಾಹರಣೆಗೆ ‘2000 ವಾಟ್’ ಎಂದು ಬರೆದ ನಾಲ್ಕು ಚಾನೆಲ್ (ನಾಲ್ಕು ಸ್ಪೀಕರಿಗೆ ಬೇರೆ ಬೇರೆ ದಾರಿ) ಎ-ಬಿ ಆಂಪಿಗೆ ಒಂದೇ ಒಂದು ಹಸಿರು ಫ್ಯೂಸ್ ಇದೆ ಎನ್ನಿ. 30 ಗುಣಿಸು 13.8, ಅಂದರೆ 414 ವಾಟ್ ಒಳಗೆ ಹೋಯಿತು. ಹೊರಗೆ ಬರುವುದು 220ರ ಆಸುಪಾಸು, ಚಾನೆಲ್ಲಿಗೆ 55. ಅದು ಕೆಟ್ಟ ಆಂಪ್ ಅಂತಲ್ಲ. ನಾಲ್ಕು ಡೋರ್ ಸ್ಪೀಕರಿಗೆ 55 ವಾಟ್ ಸಾಕಷ್ಟಾಯಿತು. 2000ದ ದರ ಕೊಡಬೇಡಿ ಅಂತ ಅಷ್ಟೇ. ನಿಜವಾಗಿ 2000 ವಾಟ್ ಕೊಡುವ ಆಂಪಿದ್ದರೆ ಅದು ಡಿ ಕ್ಲಾಸ್ ಆದರೂ ಜೋರಾಗಿ ಬಾರಿಸುವಾಗ 190 ಆಂಪಿಯರಿನಷ್ಟು ಎಳೆಯಬೇಕು. ಸಣ್ಣ ಕಾರಿನ ಆಲ್ಟರ್ನೇಟರ್ (ಎಂಜಿನ್ ಜೊತೆ ತಿರುಗಿ ಕರೆಂಟ್ ಮಾಡುವ ಯಂತ್ರ) ಕೊಡುವುದೇ ಅದರ ಅರ್ಧದ ಆಸುಪಾಸು, ಅದರಲ್ಲೇ ಹೆಡ್‌ಲೈಟ್, ಏಸಿ ಫ್ಯಾನ್ ಎಲ್ಲ ನಡೆಯಬೇಕು.

ಸ್ಟೀರಿಯೊ ಮುಖದ ಮೇಲಿನ ‘50×4’ ಎಂಬ ಬರಹದ ಕಥೆಯೂ ಇದೇ. ಅದರೊಳಗಿನ ಐಸಿ ಚಿಪ್ 4 ಓಮ್ ಸ್ಪೀಕರಿಗೆ ಶುದ್ಧವಾಗಿ ಕೊಡುವುದು 18–20 ವಾಟ್. ಹಾಗಾಗಿ ಆಂಪ್ ಇಲ್ಲದೆ ಬರೀ ಸ್ಟೀರಿಯೊ ಮೇಲೆ ಬಾರಿಸುವವರು 100 ವಾಟ್ ಆರ್‌ಎಂಎಸ್ ತಾಳುವ ಭಾರೀ ಸ್ಪೀಕರ್ ಕೊಂಡು ಪ್ರಯೋಜನವಿಲ್ಲ. ಅವರು ನೋಡಬೇಕಾದ್ದು ಸೆನ್ಸಿಟಿವಿಟಿ. ಒಂದು ವಾಟ್ ಕೊಟ್ಟರೆ ಒಂದು ಮೀಟರ್ ದೂರದಲ್ಲಿ ಎಷ್ಟು ಡೆಸಿಬಲ್ ಬರುತ್ತದೆ ಎಂಬ ಅಂಕಿ ಅದು. 3 ಡೆಸಿಬಲ್ ಹೆಚ್ಚಿಗೆ ಬೇಕಾದರೆ ವಾಟ್ ಇಮ್ಮಡಿಯಾಗಬೇಕು. ಅಂದರೆ 87 ಡೆಸಿಬಲ್ಲಿನ ಸ್ಪೀಕರ್ 40 ವಾಟಿನಲ್ಲಿ ಮಾಡುವ ಸದ್ದನ್ನು 90ರ ಸ್ಪೀಕರ್ 20 ವಾಟಿನಲ್ಲೇ ಮಾಡುತ್ತದೆ. ಇಲ್ಲೂ ಒಂದು ಸಣ್ಣ ಕೈಚಳಕ ಇದೆ: ಕೆಲವರು ‘1 ವಾಟ್’ ಬದಲು ‘2.83 ವೋಲ್ಟ್’ ಎಂದು ಬರೆಯುತ್ತಾರೆ. 4 ಓಮ್ ಸ್ಪೀಕರಿಗೆ 2.83 ವೋಲ್ಟ್ ಕೊಟ್ಟರೆ 2 ವಾಟ್ ಆಗುತ್ತದೆ, ಪುಕ್ಕಟೆ 3 ಡೆಸಿಬಲ್ ಕೂಡಿಕೊಳ್ಳುತ್ತದೆ. ಎರಡು ಸ್ಪೀಕರ್ ಹೋಲಿಸುವಾಗ ಎರಡೂ ಒಂದೇ ಲೆಕ್ಕದಲ್ಲಿ ಇವೆಯೇ ನೋಡಿಕೊಳ್ಳಿ.

ಅಂಗಡಿಯಲ್ಲಿ ಕೇಳಿ ಆರಿಸುತ್ತೇವೆ ಎನ್ನುವವರೂ ಮೋಸ ಹೋಗುವುದುಂಟು. ಗೋಡೆಯ ಡೆಮೊ ಬೋರ್ಡಿನಲ್ಲಿ ಹತ್ತು ಜೋಡಿ ಸ್ಪೀಕರ್ ಹಾಕಿ ಬಟನ್ ಒತ್ತಿ ಕೇಳಿಸಿದಾಗ ಯಾವುದು ತುಸು ಜೋರಾಗಿದೆಯೋ ಅದೇ ಚೆಂದ ಎಂದು ಕಿವಿ ತೀರ್ಪು ಕೊಡುತ್ತದೆ. ಅಲ್ಲಿ ಬೇಸ್ ಬೂಸ್ಟ್ ಕೂಡ ಪೂರ್ತಿ ಏರಿಸಿಟ್ಟಿರುತ್ತಾರೆ. ಈಕ್ವಲೈಜರ್ ಫ್ಲಾಟ್ ಮಾಡಿಸಿ, ಎರಡು ಜೋಡಿಯ ವಾಲ್ಯೂಮ್ ಸಮ ಮಾಡಿಸಿ, ನಿಮ್ಮದೇ ಪೆನ್‌ಡ್ರೈವ್ ಹಾಕಿಸಿ. ಅದರಲ್ಲಿ ಡಿಜೆ ಹಾಡು ಬೇಡ. ನಮ್ಮ ಕಡೆಯವರಿಗೆ ಸ್ಪೀಕರ್ ಪರೀಕ್ಷೆಗೆ ಬೇರೆ ಊರಿನ ಸರಕು ಯಾಕೆ ಬೇಕು? ಗಂಗೂಬಾಯಿ ಹಾನಗಲ್ಲರದೋ ಮಲ್ಲಿಕಾರ್ಜುನ ಮನ್ಸೂರರದೋ ಒಂದು ವಿಲಂಬಿತ (ನಿಧಾನ ಗತಿಯ ಗಾಯನ) ಹಾಕಿ. ಹಿಂದಿನ ತಂಬೂರಿಯ ಜವಾರಿ ಝೇಂಕರಿಸಬೇಕು, ಚುಚ್ಚಬಾರದು. ಡಗ್ಗಾದ (ತಬಲಾದ ಎಡಗೈ ಭಾಗ) ಮೀಂಡ್, ಅಂದರೆ ಜಾರುವ ಸ್ವರ, ಕೆಳಗಿಳಿಯುವಾಗ ಸ್ವರ ಗೊತ್ತಾಗಬೇಕು, ಬರೀ ‘ಧಂ’ ಎನ್ನುವುದಲ್ಲ. ದನಿ ಮೂಗಿನಿಂದ ಬಂದಂತೆ ಕೇಳಿಸಿದರೆ ಆ ಸ್ಪೀಕರ್ ಬದಿಗೆ ಸರಿಸಿಬಿಡಿ. ಕಾಳಿ ಒಂದರ (ಹಾರ್ಮೋನಿಯಂನ ಮೊದಲ ಕಪ್ಪು ಮನೆ) ಶ್ರುತಿಗೆ ತಂಬೂರಿಯ ಖರ್ಜದ, ಅಂದರೆ ಎಲ್ಲಕ್ಕಿಂತ ತಗ್ಗಿನ, ತಂತಿ ಸುಮಾರು 69 ಹರ್ಟ್ಸ್. ಡೋರಿನ ಆರೂವರೆ ಇಂಚಿನ ಸ್ಪೀಕರ್ ಅಷ್ಟು ಕೆಳಗೆ ಹೋಗಲು ಹೆಣಗುತ್ತದೆ, ಅದಕ್ಕೇ ತಗ್ಗು ಸ್ವರಕ್ಕೆಂದೇ ಇರುವ ಸಬ್‌ವೂಫರ್ ಬೇಕಾಗುವುದು. ನೆಲ ನಡುಗಿಸುವುದಕ್ಕಲ್ಲ.

ಸ್ಪೀಕರ್ ಬಗೆಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಕೋಆಕ್ಸಿಯಲ್‌ನಲ್ಲಿ ಟ್ವೀಟರ್ (ಏರು ಸ್ವರದ ಪುಟ್ಟ ಸ್ಪೀಕರ್) ವೂಫರಿನ (ತಗ್ಗು ಸ್ವರದ ದೊಡ್ಡ ಸ್ಪೀಕರ್) ನೆತ್ತಿಯ ಮೇಲೇ ಕೂತಿರುತ್ತದೆ, ಹಿಂದಿನ ಡೋರಿಗೆ ಅದು ಧಾರಾಳ. ಮುಂದಿನ ಡೋರಿಗೆ ಸಾಧ್ಯವಿದ್ದರೆ ಕಾಂಪೊನೆಂಟ್ ಸೆಟ್ ಹಾಕಿ. ಟ್ವೀಟರ್ ಬೇರೆಯಾಗಿ ಕನ್ನಡಿಯ ತ್ರಿಕೋನದಲ್ಲೋ ಡ್ಯಾಶ್‌ಬೋರ್ಡಿನ ಮೂಲೆಯಲ್ಲೋ ಕೂರುವುದರಿಂದ ಹಾಡುವವರು ಮೊಣಕಾಲ ಬಳಿ ಅಲ್ಲ, ಎದುರಿಗೆ ಕೂತಂತಾಗುತ್ತದೆ. ಜೊತೆಗೆ ಬರುವ, ಏರು-ತಗ್ಗು ಸ್ವರ ಬೇರ್ಪಡಿಸುವ ಕ್ರಾಸ್‌ಓವರ್ ಪೆಟ್ಟಿಗೆಯನ್ನೋ ಟ್ವೀಟರ್ ವೈರಿನ ಕೆಪಾಸಿಟರನ್ನೋ ‘ಇದ್ಯಾಕ್ ಬೇಕ್ರಿ’ ಎಂದು ಕಿತ್ತೆಸೆದು ಫಿಟ್ ಮಾಡುವ ಹುಡುಗರಿದ್ದಾರೆ. ತಗ್ಗು ಸ್ವರ ನೇರ ಟ್ವೀಟರಿಗೆ ಹೋಗಿ ಒಂದೇ ಸಂಜೆಯಲ್ಲಿ ಅದರ ಕಾಯಿಲ್ ಸುಡುತ್ತದೆ. ಡ್ಯಾಶ್‌ಬೋರ್ಡಿಗೆ ಡಬಲ್ ಟೇಪ್ ಅಂಟಿಸಿ ನಿಲ್ಲಿಸಿದ ಟ್ವೀಟರ್ ನಮ್ಮ ಏಪ್ರಿಲ್ ಬಿಸಿಲಿಗೆ ಕಳಚಿ ಬೀಳುವುದು ಖಂಡಿತ, ಸ್ಕ್ರೂ ಇರುವ ಕಪ್ ಹಾಕಿಸಿ.

ಇನ್ನು ಯಾರೂ ಹಣ ಹಾಕಲು ಒಪ್ಪದ, ಆದರೆ ಎಲ್ಲಕ್ಕಿಂತ ಮೊದಲು ಹಾಕಬೇಕಾದ ಕೆಲಸ: ಡೋರ್. ಸ್ಪೀಕರಿನ ಕೋನ್ ಮುಂದಕ್ಕೆ ತಳ್ಳಿದಷ್ಟೇ ಗಾಳಿಯನ್ನು ಹಿಂದಕ್ಕೂ ತಳ್ಳುತ್ತದೆ. ಡೋರಿನ ಒಳತಗಡಿನಲ್ಲಿ ಅಂಗೈ ಹಿಡಿಸುವಷ್ಟು ದೊಡ್ಡ ತೂತುಗಳಿರುತ್ತವೆ. ಹಿಂದಿನ ಸದ್ದು ಆ ತೂತುಗಳಿಂದ ಮುಂದೆ ಬಂದು ಮುಂದಿನ ಸದ್ದನ್ನು ಕೂಡಿಕೊಂಡರೆ ತಗ್ಗು ಸ್ವರಗಳು ಒಂದನ್ನೊಂದು ಹೊಡೆದುಹಾಕುತ್ತವೆ. ಎಷ್ಟೇ ದುಬಾರಿ ಸ್ಪೀಕರ್ ಹಾಕಿದರೂ ಬೇಸ್ ಬಾರದಿರಲು ಇದೇ ಕಾರಣ. 2 ಮಿಲಿಮೀಟರ್ ದಪ್ಪದ, ಮೇಲೆ ಅಲ್ಯೂಮಿನಿಯಂ ಹಾಳೆ ಇರುವ ಬ್ಯುಟೈಲ್ ಡ್ಯಾಂಪಿಂಗ್ ಶೀಟನ್ನು ಮೊದಲು ಹೊರತಗಡಿನ ಒಳಬದಿಗೆ, ಸ್ಪೀಕರಿನ ಬೆನ್ನ ಹಿಂದೆ, ರೋಲರ್ ಒತ್ತಿ ಅಂಟಿಸಬೇಕು. ಆಮೇಲೆ ಒಳತಗಡಿನ ತೂತುಗಳನ್ನು ಮುಚ್ಚಬೇಕು. ಅಂಟಿಸುವ ಮುನ್ನ ಥಿನ್ನರ್ ಬಟ್ಟೆಯಿಂದ ಧೂಳು, ಗ್ರೀಸ್ ಒರೆಸದಿದ್ದರೆ ಎರಡು ಬೇಸಿಗೆ ಕಳೆಯುವುದರೊಳಗೆ ಶೀಟ್ ಜಾರಿ ಗ್ಲಾಸಿನ ಮೋಟಾರಿಗೆ ಸುತ್ತಿಕೊಳ್ಳುತ್ತದೆ. ಡಾಂಬರಿನ ವಾಸನೆ ಬರುವ ಅಗ್ಗದ ಶೀಟ್ ಬಿಸಿಲಿಗೆ ಕರಗುತ್ತದೆ, ಅದನ್ನು ಮುಟ್ಟಲೇಬೇಡಿ. ಡೋರಿನ ತಳದಲ್ಲಿ ನೀರು ಹೊರಹೋಗುವ ಸಣ್ಣ ತೂತುಗಳಿರುತ್ತವೆ, ಅವನ್ನು ಮಾತ್ರ ಮುಚ್ಚಬಾರದು. ಮುಚ್ಚಿದರೆ ಮೊದಲ ಮಳೆಗಾಲದಲ್ಲೇ ಡೋರ್ ತುಕ್ಕು ಹಿಡಿಯಲು ಶುರು. ಹಾಗೆಯೇ ಡೋರ್ ಪ್ಯಾಡಿನ ಹಿಂದಿರುವ ತೆಳು ಪ್ಲಾಸ್ಟಿಕ್ ಹಾಳೆ. ಅದನ್ನು ಹರಿದು ಬಿಸಾಡಿದರೆ ಗ್ಲಾಸಿನಿಂದ ಇಳಿದ ನೀರು ಪ್ಯಾಡಿಗೆ, ಪವರ್ ವಿಂಡೊ ಸ್ವಿಚ್ಚಿಗೆ ಇಳಿಯುತ್ತದೆ.

ಸ್ಪೀಕರ್ ಕೂರಿಸಲು ಬಳಸುವ ರಿಂಗ್ ಎಂಡಿಎಫ್‌ನದಾದರೆ (ಮರದ ಪುಡಿ ಒತ್ತಿ ಮಾಡಿದ ಹಲಗೆ) ಧಾರವಾಡದ ಮಳೆಗೆ ಅದು ಬಿಸ್ಕತ್ತಿನಂತೆ ಉಬ್ಬುತ್ತದೆ. ಎಬಿಎಸ್ ಪ್ಲಾಸ್ಟಿಕ್ಕಿನದು, ಇಲ್ಲವೇ ಎರಡು ಕೋಟ್ ಪೇಂಟ್ ಬಳಿದ ವಾಟರ್‌ಪ್ರೂಫ್ ಪ್ಲೈವುಡ್ ಹಾಕಿಸಿ. ರಿಂಗ್ ಮತ್ತು ತಗಡಿನ ನಡುವೆ ಫೋಮ್ ಗ್ಯಾಸ್ಕೆಟ್ ಇರಲಿ. ಇಷ್ಟೂ ಕೆಲಸಕ್ಕೆ ಎರಡು ಡೋರಿಗೆ ಅರ್ಧ ದಿನ ಬೇಕು. ಅರ್ಧ ತಾಸಿನಲ್ಲಿ ಮುಗಿಸಿಕೊಡುತ್ತೇನೆ ಎಂದವನು ಇದ್ಯಾವುದನ್ನೂ ಮಾಡುವುದಿಲ್ಲ.

ಪೋಲಾರಿಟಿ, ಅಂದರೆ ಪ್ಲಸ್-ಮೈನಸ್ ಸರಿಯಿದೆಯೇ ಎಂಬುದು ಒಂದೂವರೆ ವೋಲ್ಟಿನ ಪೆನ್ಸಿಲ್ ಸೆಲ್ಲಿನಿಂದ ತಿಳಿಯುವ ಸಂಗತಿ. ಸ್ಪೀಕರ್ ವೈರಿನ ಪ್ಲಸ್‌ಗೆ ಸೆಲ್ಲಿನ ಪ್ಲಸ್ ಕ್ಷಣ ತಾಗಿಸಿದರೆ ಕೋನ್ ಹೊರಕ್ಕೆ ಜಿಗಿಯಬೇಕು. ಕಂಪನಿಯ ವೈರುಗಳ ಬಣ್ಣ ಕಾರಿಂದ ಕಾರಿಗೆ ಬೇರೆ, ಊಹೆಯ ಮೇಲೆ ಕೂಡಿಸಿ ಒಂದು ಬದಿ ಉಲ್ಟಾ ಆದರೆ ಎರಡು ಡೋರ್ ಸೇರಿ ಬಾರಿಸುವಾಗ ಬೇಸ್ ಮಾಯ. ಬ್ಯಾಲೆನ್ಸ್ ಒಂದೇ ಬದಿಗೆ ತಿರುಗಿಸಿದಾಗ ಬೇಸ್ ಹೆಚ್ಚಾದಂತೆ ಅನ್ನಿಸಿದರೆ ಅದೇ ರೋಗ. ಮಲ್ಟಿಮೀಟರಿನಲ್ಲಿ 4 ಓಮ್ ಸ್ಪೀಕರ್ 3.2ರಿಂದ 3.6ರವರೆಗೆ ತೋರಿಸುವುದು ಸಹಜ, ಅದನ್ನು ದೋಷ ಎಂದು ಯಾರಾದರೂ ಹೇಳಿ ಹೊಸದನ್ನು ಮಾರಲು ಬಂದರೆ ನಂಬಬೇಡಿ.

ಆಂಪಿನ ಆಯ್ಕೆಯಲ್ಲಿ ಸಣ್ಣ ಕಾರಿಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಿಲ್ಲ. ಚಾನೆಲ್ಲಿಗೆ 50–60 ವಾಟ್ ಆರ್‌ಎಂಎಸ್ ಇರುವ ನಾಲ್ಕು ಚಾನೆಲ್ ಆಂಪ್ ಒಂದಿದ್ದರೆ ಎರಡು ಚಾನೆಲ್ ಮುಂದಿನ ಡೋರಿಗೆ, ಉಳಿದೆರಡನ್ನು ಬ್ರಿಜ್ ಮಾಡಿ (ಎರಡನ್ನೂ ಸೇರಿಸಿ ಒಂದಾಗಿಸಿ) 10 ಇಂಚಿನ ಸಬ್‌ವೂಫರಿಗೆ. ಹಿಂದಿನ ಸ್ಪೀಕರ್ ಸ್ಟೀರಿಯೊ ಮೇಲೇ ಇರಲಿ. ಬ್ರಿಜ್ ಮಾಡುವಾಗ ಎಡವುವುದು ಓಮ್ ಲೆಕ್ಕದಲ್ಲಿ. ಬ್ರಿಜ್ ಮಾಡಿದ ಆಂಪಿಗೆ 4 ಓಮ್ ಜೋಡಿಸಿದರೆ ಒಳಗಿನ ಪ್ರತಿ ಚಾನೆಲ್ ಕಾಣುವುದು 2 ಓಮ್, ಬಹುತೇಕ ನಾಲ್ಕು ಚಾನೆಲ್ ಆಂಪುಗಳ ಮಿತಿ ಅಷ್ಟೇ. ಎರಡು ಕಾಯಿಲಿನ, 4+4 ಓಮ್ ವೂಫರ್ ತಂದು ಕಾಯಿಲುಗಳನ್ನು ಪ್ಯಾರಲಲ್ ಕೊಟ್ಟರೆ ಅದು 2 ಓಮ್ ಆಗಿ ಆಂಪಿಗೆ ಚಾನೆಲ್ಲಿಗೊಂದು ಓಮ್ ಬೀಳುತ್ತದೆ. ಹತ್ತು ನಿಮಿಷಕ್ಕೆ ಪ್ರೊಟೆಕ್ಟ್‌ನ ಕೆಂಪು ದೀಪ, ತಣ್ಣಗಾದ ಮೇಲೆ ಮತ್ತೆ ಚಾಲೂ, ಮತ್ತೆ ಬಂದ್. ಬ್ರಿಜ್ ಮಾಡಿದ ಆಂಪಿಗೆ ಬೇಕಾದ್ದು ಒಂಟಿ ಕಾಯಿಲಿನ 4 ಓಮ್ ವೂಫರ್, ಇಲ್ಲವೇ 2+2 ಓಮಿನದನ್ನು ಸೀರೀಸ್ ಕೊಡುವುದು. ಅದೇ 4+4 ಪ್ಯಾರಲಲ್ ವೂಫರಿಗೆ 2 ಓಮ್ ತಾಳುವ ಡಿ ಕ್ಲಾಸ್ ಮೊನೊ (ಒಂದೇ ಚಾನೆಲ್ಲಿನ) ಆಂಪ್ ಚೆನ್ನಾಗಿ ಹೊಂದುತ್ತದೆ.

ಇನ್ನು ವೂಫರ್ ಕೂರಿಸುವ ಡಬ್ಬದ ವಿಷಯ. 10 ಇಂಚಿನ ವೂಫರಿಗೆ ಮುಚ್ಚಿದ ಡಬ್ಬವಾದರೆ 18ರಿಂದ 28 ಲೀಟರ್ ಒಳಜಾಗ, 18 ಮಿಲಿಮೀಟರ್ ಹಲಗೆ. ಪೋರ್ಟ್ (ಗಾಳಿ ಆಡುವ ಕಿಂಡಿ) ಇರುವ ಡಬ್ಬ ಜೋರು, ಆದರೆ ಅಳತೆ ತಪ್ಪಿದರೆ ಒಂದೇ ಸ್ವರದ ಗುಂಯ್‌ಗುಡುವಿಕೆ. ವೂಫರ್ ಜೊತೆಗಿನ ಹಾಳೆಯಲ್ಲಿ ಅಳತೆ ಇರುತ್ತದೆ, ಬಡಗಿಯ ಕೈಗೆ ಅದನ್ನು ಕೊಡಿ. ಸಿಎನ್‌ಜಿ ಸಿಲಿಂಡರ್ ಡಿಕ್ಕಿ ತುಂಬಿರುವ ಕಾರುಗಳಿಗೆ ಸೀಟಿನ ಕೆಳಗಿನ 8 ಇಂಚಿನ ಸಬ್‌ವೂಫರ್ ಸಾಕು. ಆಂಪನ್ನು ಮಾತ್ರ ಸಿಲಿಂಡರಿನ ಬ್ರಾಕೆಟ್ಟಿಗೋ ಪೈಪಿನ ಪಕ್ಕಕ್ಕೋ ಸ್ಕ್ರೂ ಮಾಡಲು ಯಾರಿಗೂ ಬಿಡಬೇಡಿ. ಹ್ಯಾಚ್‌ಬ್ಯಾಕಿನಲ್ಲಿ ಹಿಂದಿನ ಪ್ಲಾಸ್ಟಿಕ್ ಟ್ರೇ ಮೇಲೆ 6×9 ಇಂಚಿನ ಅಂಡಾಕಾರದ ಸ್ಪೀಕರ್ ಜೋಡಿ ಹಾಕಿಸುವವರಿಗೆ ಒಂದು ಮಾತು: ಹೆದ್ದಾರಿಯಲ್ಲಿ ಎಂಬತ್ತರ ವೇಗದಲ್ಲಿ ಬ್ರೇಕ್ ಹೊಡೆದರೆ ಆ ಟ್ರೇ ಹಿಂದಿನ ಸೀಟಿನವರ ತಲೆಗೆ ಬರುತ್ತದೆ. ಕಟ್ಟಿರದ ಇಪ್ಪತ್ತು ಕಿಲೊ ಡಬ್ಬವೂ ಅಷ್ಟೇ. ಎಲ್-ಕ್ಲಾಂಪ್ ಹಾಕಿ ನೆಲಕ್ಕೆ ಬೋಲ್ಟ್ ಮಾಡಿಸಬೇಕು. ಬೋಲ್ಟಿಗೆ ತೂತು ಕೊರೆಯುವ ಮೊದಲು ಕೆಳಗೆ ಬಗ್ಗಿ ಪೆಟ್ರೋಲ್ ಟ್ಯಾಂಕ್ ಎಲ್ಲಿದೆ ನೋಡಬೇಕು ಎಂದು ಬರೆಯಬೇಕಾಗಿ ಬಂದಿರುವುದೇ ವಿಷಾದ.

ಬೆಂಕಿಯ ಭಯ ನಿಜವಾಗಿ ಇರುವುದು ವೈರಿನಲ್ಲಿ. ಗೇಜ್ ಎಂದರೆ ವೈರಿನ ದಪ್ಪದ ಅಳತೆ, ಅಂಕಿ ಇಳಿದಷ್ಟೂ ವೈರ್ ದಪ್ಪ. ‘4 ಗೇಜ್ ಕಿಟ್’ ಎಂದು ಮಾರುವ ಅಗ್ಗದ ಕಿಟ್ಟುಗಳಲ್ಲಿ ದಪ್ಪ ಇರುವುದು ಪ್ಲಾಸ್ಟಿಕ್ಕಿಗೆ, ಒಳಗಿನ ತಂತಿ ಅಲ್ಯೂಮಿನಿಯಂ, ಮೇಲೆ ತಾಮ್ರದ ಲೇಪ. ಒಂದು ಎಳೆ ಬಿಡಿಸಿ ಬ್ಲೇಡಿನಿಂದ ಕೆರೆದರೆ ಬಿಳಿ ಹೊಳಪು ಕಾಣುತ್ತದೆ. ಲೈಟರಿಗೆ ಹಿಡಿದರೆ ತಾಮ್ರ ಕೆಂಪಗಾಗಿ ನಿಲ್ಲುತ್ತದೆ, ಅಲ್ಯೂಮಿನಿಯಂ ಬಾಗಿ ತುಂಡಾಗುತ್ತದೆ. ನಿಜವಾದ 4 ಗೇಜ್ ತಾಮ್ರ ಎಂದರೆ ಸುಮಾರು 21 ಚದರ ಮಿಲಿಮೀಟರ್, 8 ಗೇಜ್ ಎಂದರೆ ಎಂಟೂ ಚಿಲ್ಲರೆ. 5 ಮೀಟರ್ ಉದ್ದದ 8 ಗೇಜ್ ತಾಮ್ರದಲ್ಲಿ 40 ಆಂಪಿಯರ್ ಹರಿದರೆ 0.4 ವೋಲ್ಟ್ ದಾರಿಯಲ್ಲೇ ಖರ್ಚು, 4 ಗೇಜಿನಲ್ಲಿ 0.16. ಒಟ್ಟು ಫ್ಯೂಸ್ 30ರವರೆಗೆ ಇದ್ದರೆ 8 ಗೇಜ್ ತಾಮ್ರ ನಡೆಯುತ್ತದೆ, ಮೇಲಾದರೆ 4.

ಪವರ್ ವೈರಿಗೆ ಬ್ಯಾಟರಿಯಿಂದ 45 ಸೆಂಟಿಮೀಟರ್ ಒಳಗೆ ಇನ್ನೊಂದು ಫ್ಯೂಸ್ ಬೇಕೇ ಬೇಕು. ‘ಆಂಪಿನಾಗ ಐತಲ್ರೀ’ ಎನ್ನುತ್ತಾರೆ. ಆಂಪಿನಲ್ಲಿರುವುದು ಆಂಪಿಗೆ. ಬ್ಯಾಟರಿ ಬಳಿಯದು ವೈರಿಗೆ. ಬಾನೆಟ್ಟಿನಿಂದ ಒಳಬರುವ ತಗಡಿನ ತೂತಿನಲ್ಲಿ ರಬ್ಬರ್ ಗ್ರಾಮೆಟ್ ಇಲ್ಲದಿದ್ದರೆ ನಮ್ಮ ರಸ್ತೆಗಳ ಕುಲುಕಾಟಕ್ಕೆ ತಗಡಿನ ಅಂಚು ಇನ್ಸುಲೇಷನ್ ಕೊರೆದು ತಂತಿ ಕಾರಿನ ತಗಡಿಗೇ ತಾಗುತ್ತದೆ. ಆಗ ಬ್ಯಾಟರಿ ಬಳಿ ಫ್ಯೂಸ್ ಇಲ್ಲದ ಕಾರು ನಿಂತಲ್ಲೇ ಹೊತ್ತಿಕೊಳ್ಳುತ್ತದೆ. ಅರ್ಥ್ ವೈರ್ ಪವರ್ ವೈರಿನಷ್ಟೇ ದಪ್ಪ, ಉದ್ದ ಅರ್ಧ ಮೀಟರಿನೊಳಗೆ, ಪೇಂಟ್ ಉಜ್ಜಿ ಬೆಳ್ಳಗಾದ ತಗಡಿಗೆ ಥಿಂಬಲ್ ಹಾಕಿ ಬೋಲ್ಟ್. ಸೀಟ್ ಬೆಲ್ಟಿನ ಬೋಲ್ಟಿಗೆ ಕಟ್ಟಬಾರದು. ಎಂಜಿನ್ ರೇಸ್ ಮಾಡಿದಂತೆ ಸ್ಪೀಕರಿನಲ್ಲಿ ‘ಕುಂಯ್’ ಏರಿದರೆ ಮೊದಲ ಸಂಶಯ ಈ ಅರ್ಥ್ ಮೇಲೆ, ಎರಡನೆಯದು ಸ್ಟೀರಿಯೊದಿಂದ ಆಂಪಿಗೆ ಹಾಡು ಒಯ್ಯುವ ಆರ್‌ಸಿಎ ವೈರನ್ನೂ ಪವರ್ ವೈರನ್ನೂ ಒಂದೇ ಬದಿಯಲ್ಲಿ ಎಳೆದಿರುವುದರ ಮೇಲೆ. ಆಂಪನ್ನು ಆನ್-ಆಫ್ ಮಾಡುವ ರಿಮೋಟ್ ವೈರನ್ನು ಸ್ಟೀರಿಯೊದ ಬಿಳಿ ಪಟ್ಟೆಯ ನೀಲಿ ವೈರಿಗೆ ಕೊಡದೆ ನೇರ 12 ವೋಲ್ಟಿಗೆ ಕೊಟ್ಟರೆ ಆಂಪ್ ರಾತ್ರಿಯಿಡೀ ಎದ್ದಿರುತ್ತದೆ, ಸಣ್ಣ ಕಾರಿನ 35 ಆಂಪಿಯರ್ ಅವರ್ ಬ್ಯಾಟರಿ ಇಳಿದುಹೋಗಲು ಅಷ್ಟು ಸಾಕು. ಕಂಪನಿಯ ವೈರ್ ಕತ್ತರಿಸಿ ಟೇಪ್ ಸುತ್ತಿಸಿಕೊಂಡರೆ ವಾರಂಟಿಗೂ ಕುತ್ತು. ಕಾರಿಗೆ ತಕ್ಕ ಕಪ್ಲರ್ ಸಿಗುತ್ತದೆ, ಅದನ್ನೇ ಹಾಕಿಸಿ. ಎಲೆಕ್ಟ್ರಿಕ್ ಕಾರಿನವರು ಕಿತ್ತಳೆ ಬಣ್ಣದ ಕೇಬಲ್ ಹತ್ತಿರ ಯಾರ ಕೈಯೂ ಹೋಗದಂತೆ ನೋಡಿಕೊಳ್ಳಲಿ.

ಕೊನೆಗೆ ಗೇನ್. ಅದು ವಾಲ್ಯೂಮ್ ಅಲ್ಲ, ಸ್ಟೀರಿಯೊ ಕೊಡುವ 2 ಅಥವಾ 4 ವೋಲ್ಟಿಗೆ ಆಂಪನ್ನು ಹೊಂದಿಸುವ ತಿರುಪು. ಸ್ಪೀಕರ್ ಬಿಚ್ಚಿ, ಈಕ್ವಲೈಜರ್ ಫ್ಲಾಟ್, ಬೇಸ್ ಬೂಸ್ಟ್ ಸೊನ್ನೆ, ಫಿಲ್ಟರ್ ಆಫ್. ಪೆನ್‌ಡ್ರೈವಿನಲ್ಲಿ 100 ಹರ್ಟ್ಸ್ ಟೋನ್ ಹಾಕಿ ವಾಲ್ಯೂಮ್ ಮುಕ್ಕಾಲಿಗೆ ಇಡಿ. 1000 ಹರ್ಟ್ಸ್ ಟೋನ್ ಬೇಡ, ಅಗ್ಗದ ಮೀಟರುಗಳು ಅದನ್ನು ಸರಿಯಾಗಿ ಅಳೆಯುವುದಿಲ್ಲ. ಮೀಟರನ್ನು ಏಸಿ ವೋಲ್ಟಿಗೆ ಇಟ್ಟು ಆಂಪಿನ ಸ್ಪೀಕರ್ ಟರ್ಮಿನಲ್ಲಿಗೆ ಹಿಡಿದು ಗೇನನ್ನು ಸೊನ್ನೆಯಿಂದ ನಿಧಾನ ಏರಿಸಿ. ಎಲ್ಲಿ ನಿಲ್ಲಿಸಬೇಕು ಎಂಬುದು ಆರ್‌ಎಂಎಸ್ ವಾಟನ್ನು ಓಮಿನಿಂದ ಗುಣಿಸಿ ವರ್ಗಮೂಲ ತೆಗೆದರೆ ಸಿಗುತ್ತದೆ: 50 ವಾಟ್ 4 ಓಮಿಗೆ 14.1 ವೋಲ್ಟ್, 75ಕ್ಕೆ 17.3, 300 ವಾಟ್ 2 ಓಮಿಗೆ 24.5. ಸಬ್‌ವೂಫರಿಗೆ 50 ಹರ್ಟ್ಸ್ ಟೋನ್. ಆಮೇಲೆ ಡೋರಿಗೆ 80 ಹರ್ಟ್ಸ್ ಹೈಪಾಸ್ (ಅದಕ್ಕಿಂತ ಮೇಲಿನ ಸ್ವರವನ್ನಷ್ಟೇ ಬಿಡುವ ಫಿಲ್ಟರ್), ವೂಫರಿಗೆ 80 ಹರ್ಟ್ಸ್ ಲೋಪಾಸ್ (ಕೆಳಗಿನದನ್ನಷ್ಟೇ ಬಿಡುವುದು) ಹಾಕಿ, ಕಿವಿಗೆ ಹಿತವಾಗುವಂತೆ ವೂಫರ್ ಗೇನನ್ನು ಕೆಳಗೆ ಇಳಿಸಬಹುದು, ಏರಿಸಬಾರದು. ಗೇನ್ ಪೂರ್ತಿ ತಿರುಗಿಸಿಟ್ಟ ಆಂಪಿನಿಂದ ಬರುವ ಅಲೆಯ ತಲೆ ಚಪ್ಪಟೆಯಾಗುತ್ತದೆ. 50 ವಾಟಿನ ಆಂಪ್ ಆಗ 100 ವಾಟಿನ ಹತ್ತಿರ ಶಾಖ ತಳ್ಳುತ್ತದೆ. ‘ಸ್ಪೀಕರ್ ಸುಟ್ಟಿತು, ಮಾಲು ಸರಿ ಇಲ್ಲ’ ಎಂದು ವಾಪಸು ಬರುವವುಗಳಲ್ಲಿ ಹೆಚ್ಚಿನವು ಹೀಗೆ ಸತ್ತವು.

ಇಷ್ಟೆಲ್ಲ ಸರಿಯಾದರೂ ಕಾರಿನ ಸದ್ದು ಕಾರಿನಲ್ಲೇ ಇರಬೇಕು. 2000ರ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ 45 ಡೆಸಿಬಲ್ ಮಿತಿ. ಆಸ್ಪತ್ರೆ, ಶಾಲೆ, ಕೋರ್ಟುಗಳ ಸುತ್ತ ನೂರು ಮೀಟರಿನ ಮೌನ ವಲಯದಲ್ಲಿ ಇನ್ನೂ ಕಡಿಮೆ. ಕಿಮ್ಸ್ ಆಸ್ಪತ್ರೆ ಮುಂದೆ ಡಿಕ್ಕಿ ತೆರೆದು ಬಾರಿಸಿಕೊಂಡು ಹೋಗುವ ಹುಡುಗರಿಗೆ ಪೊಲೀಸರು ಇದನ್ನು ನೆನಪಿಸಿದರೆ ತಪ್ಪಿಲ್ಲ.

ನಿಮ್ಮಲ್ಲಿ ಎರಡು ಕೋರಿಕೆ. ಕಾರ್ ಆಡಿಯೊ ಜಾಹೀರಾತು ಬಂದಾಗ ವಾಟ್ ಮುಂದೆ ‘ಆರ್‌ಎಂಎಸ್’ ಎಂದಿದೆಯೇ ಎಂದು ಜಾಹೀರಾತು ವಿಭಾಗ ಕೇಳಲಿ. ದಾರಿ ತಪ್ಪಿಸುವ ಜಾಹೀರಾತಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ದಂಡವಿದೆ. ಎರಡನೆಯದು, ಓದುಗರಿಗೆ ಬಿಲ್ಲಿನ ಬಗ್ಗೆ ತಿಳಿಸಿ. ಆಂಪಿನ ಮಾಡೆಲ್, ಚಾನೆಲ್ಲಿಗೆ ಆರ್‌ಎಂಎಸ್ ವಾಟ್, ಎಷ್ಟು ಓಮಿನಲ್ಲಿ, ವೈರ್ ತಾಮ್ರವೋ ಅಲ್ಲವೋ, ಬ್ಯಾಟರಿ ಬಳಿ ಎಷ್ಟು ಆಂಪಿಯರ್ ಫ್ಯೂಸ್, ಇಷ್ಟನ್ನು ಜಿಎಸ್‌ಟಿ ಬಿಲ್ಲಿನಲ್ಲೇ ಬರೆಸಿಕೊಳ್ಳಲಿ. ಬರೆದುಕೊಡಲು ಒಪ್ಪದ ಅಂಗಡಿ ಬಿಟ್ಟು ಪಕ್ಕದ ಅಂಗಡಿಗೆ ಹೋಗಲಿ. ಬರೆದದ್ದೂ ಹಾಕಿದ್ದೂ ಬೇರೆಯಾದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡುವಾಗ ಆ ಬಿಲ್ ಕೈಯಲ್ಲಿರಲಿ.

– ಆಟೊ ಎಲೆಕ್ಟ್ರಿಷಿಯನ್, ನವನಗರ, ಹುಬ್ಬಳ್ಳಿ